ಲೈವ್ ವಿಡಿಯೋ ಮೇಲೆ ಹೆಸರು, ಲೋಗೋ ಹಾಕಿದರೆ ಲೋಗೋದಲ್ಲಿ ತೂತು ಬೀಳುವುದು ಯಾಕೆ?

ನೀವು ಲ್ಯಾಪ್‌ಟಾಪ್‌ನಲ್ಲಿ ಕಪ್ಪು ಸ್ಲೈಡ್ ಮಾಡಿ, ಅದರ ಮೇಲೆ ಹೆಸರು, ಲೋಗೋ ಇಟ್ಟು, ಸ್ವಿಚರ್‌ನಲ್ಲಿ (ಕ್ಯಾಮೆರಾಗಳನ್ನು ಬದಲಿಸುವ ಯಂತ್ರ) ಲೂಮಾ ಕೀ, ಅಂದರೆ ಕಪ್ಪು ಭಾಗ ತೆಗೆದು ಕೆಳಗಿನ ವಿಡಿಯೋ ತೋರಿಸುವ ಸೌಲಭ್ಯ, ಹಾಕಿದ್ದೀರಿ. ಲೋಗೋದ ಕಪ್ಪು ಅಕ್ಷರ ಮಾಯವಾಗುತ್ತದೆ, ಕ್ಯಾಮೆರಾ ಬದಲಿಸಿದರೆ ಹೆಸರೂ ಹೋಗಿಬಿಡುತ್ತದೆ, ಅಲ್ವಾ?

ಲೂಮಾ ಕೀ ನೋಡುವುದು ಬೆಳಕನ್ನು ಮಾತ್ರ. ಕ್ಲಿಪ್ ಅನ್ನುವ ಸೆಟ್ಟಿಂಗ್‌ನಲ್ಲಿ ಇಟ್ಟ ಮಟ್ಟಕ್ಕಿಂತ ಕಪ್ಪಾಗಿರುವುದನ್ನೆಲ್ಲ ತೆಗೆದುಹಾಕುತ್ತದೆ, ಅದು ಹಿನ್ನೆಲೆಯ ಕಪ್ಪೋ ಅಕ್ಷರದ ಕಪ್ಪೋ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ನನಗೂ ಮೊದಲ ಸಲ ಹೀಗೇ ಆಗಿತ್ತು. ಬಿಳಿ ವೃತ್ತದೊಳಗಿನ ಅಕ್ಷರಗಳು ತೂತಾಗಿ, ಅದರೊಳಗಿಂದ ಮಾತಾಡುತ್ತಿದ್ದವರ ಚೌಕಳಿ ಅಂಗಿ ಕಾಣುತ್ತಿತ್ತು. ಎಚ್‌ಡಿಎಂಐ ಕೇಬಲ್‌ನಲ್ಲಿ ಪಾರದರ್ಶಕತೆ ಬರುವುದಿಲ್ಲ, ಬರುವುದು ಬಣ್ಣ ಮಾತ್ರ. ಅದಕ್ಕೇ ಈ ಕಷ್ಟ.

ಹಾಗಾಗಿ ಬದಲಾಗದ ಚಿತ್ರಗಳನ್ನು ಲ್ಯಾಪ್‌ಟಾಪ್‌ನಿಂದ ಕಳಿಸಲೇಬೇಡಿ. 1920x1080 ಅಳತೆಯ, ಹಿನ್ನೆಲೆ ತೆಗೆದ ಪಿಎನ್‌ಜಿ (ಪಾರದರ್ಶಕತೆ ಉಳಿಸುವ ಚಿತ್ರದ ಫೈಲ್) ಮಾಡಿ ಸ್ವಿಚರ್‌ನೊಳಗೆ ಚಿತ್ರ ಇಡುವ ಜಾಗವಾದ ಮೀಡಿಯಾ ಪೂಲ್‌ಗೆ ಹಾಕಿ. ಏಟೆಮ್ ಮಿನಿ ಅನ್ನುವ ಸ್ವಿಚರ್‌ನಲ್ಲಿ ಇಂಥ 20 ಚಿತ್ರ ಹಿಡಿಯುತ್ತವೆ. ಆಗ ಸ್ವಿಚರ್‌ಗೆ ಎರಡು ಸಿಗುತ್ತದೆ: ಬಣ್ಣಕ್ಕೆ ಫಿಲ್, ಎಲ್ಲಿ ಎಷ್ಟು ಕಾಣಬೇಕು ಅಂತ ಹೇಳುವ ಕಪ್ಪು-ಬಿಳುಪು ಕೀ. ಕೀಯಲ್ಲಿ ಬಿಳಿ ಇದ್ದರೆ ಪೂರ್ತಿ ಕಾಣುತ್ತದೆ, ಕಪ್ಪಿದ್ದರೆ ಇಲ್ಲ, ಬೂದು ಇದ್ದರೆ ಅರ್ಧಂಬರ್ಧ. ಕಪ್ಪು ಅಕ್ಷರ ಕಪ್ಪಾಗಿಯೇ ಉಳಿಯುತ್ತದೆ, ಮೆತ್ತನೆಯ ನೆರಳೂ ಸರಿಯಾಗಿ ಬರುತ್ತದೆ.

ಇಷ್ಟಾದರೂ ಅಕ್ಷರದ ಸುತ್ತ ಕಪ್ಪು ಗೆರೆ ಬಂದರೆ ಕೀ ಸೆಟ್ಟಿಂಗ್‌ನಲ್ಲಿ 'ಪ್ರಿ-ಮಲ್ಟಿಪ್ಲೈಡ್ ಕೀ' ಆನ್ ಮಾಡಿ ನೋಡಿ. ನಿಮ್ಮ ಚಿತ್ರದ ಅಂಚು ಮೊದಲೇ ಕಪ್ಪಿನ ಜೊತೆ ಬೆರೆತಿರುತ್ತದೆ, ಸ್ವಿಚರ್ ಅದನ್ನು ಇನ್ನೊಮ್ಮೆ ಬೆರೆಸಿದರೆ ಮಸಿ ಬಳಿದ ಹಾಗಾಗುತ್ತದೆ. ಒಂದು ಬಟನ್ ಅಷ್ಟೇ, ಆದರೆ ಸುಮ್ನೆ ಕ್ಲಿಪ್, ಗೇನ್ ತಿರುಗಿಸುತ್ತಾ ಗಂಟೆಗಟ್ಟಲೆ ಕೂರುವವರನ್ನು ನೋಡಿದ್ದೇನೆ.

ಹೆಸರು ಮಾಯವಾಗುವುದಕ್ಕೆ ಕಾರಣ ಬೇರೆ. ಅಪ್‌ಸ್ಟ್ರೀಮ್ ಕೀ (ಕ್ಯಾಮೆರಾ ಚಿತ್ರದ ಜೊತೆಯಲ್ಲೇ ಸೇರುವ ಪದರ) ಮುಂದಿನ ಟ್ರಾನ್ಸಿಶನ್‌ನಲ್ಲಿ, ಅಂದರೆ ಚಿತ್ರ ಬದಲಾಗುವಾಗ, ಸೇರಿಕೊಂಡಿದ್ದರೆ ಚಿತ್ರದ ಜೊತೆ ಅದೂ ಹೋಗುತ್ತದೆ. ಹೆಸರು, ಲೋಗೋಗಳನ್ನು ಎಲ್ಲದರ ಮೇಲೆ ಕೊನೆಗೆ ಸೇರುವ ಡೌನ್‌ಸ್ಟ್ರೀಮ್ ಕೀಗೆ ಹಾಕಿ, ಅದನ್ನು ಟ್ರಾನ್ಸಿಶನ್‌ಗೆ ಜೋಡಿಸುವ 'ಟೈ' ಬಟನ್ ಆಫ್ ಇಡಿ. ಕೆಳಗೆ ಕ್ಯಾಮೆರಾ ಎಷ್ಟು ಸಲ ಬದಲಾದರೂ ಅದು ಮೇಲೆ ಹಾಗೇ ನಿಲ್ಲುತ್ತದೆ. ಫೇಡ್ ಟು ಬ್ಲ್ಯಾಕ್ ಒತ್ತಿದರೆ ಮಾತ್ರ ಅದೂ ಸೇರಿ ಎಲ್ಲ ಕಪ್ಪಾಗುತ್ತದೆ.

ಆಗಾಗ ಬದಲಾಗುವ ಸಾಲುಗಳಿಗೆ ಲ್ಯಾಪ್‌ಟಾಪ್ ಬೇಕೇ ಬೇಕು. ಅದಕ್ಕೆ ಹಸಿರು ಹಿನ್ನೆಲೆ, ಒಂದು ಬಣ್ಣವನ್ನು ಮಾತ್ರ ತೆಗೆಯುವ ಕ್ರೋಮಾ ಕೀ ವಾಸಿ, ಅಕ್ಷರದಲ್ಲಿ ಮಾತ್ರ ಹಸಿರು ಇರಬಾರದು. ಡಿಸ್‌ಪ್ಲೇ ಎಕ್ಸ್‌ಟೆಂಡ್‌ನಲ್ಲಿರಲಿ, ಮಿರರ್ ಬೇಡ. ಇಲ್ಲದಿದ್ದರೆ ನಿಮಗೆ ಬಂದ ನೋಟಿಫಿಕೇಶನ್ ನೇರ ಪ್ರಸಾರಕ್ಕೇ ಹೋಗುತ್ತದೆ.

ಇನ್ನೊಂದು, ಇಂಗ್ಲಿಷ್‌ಗೆ ಮಾಡಿದ ಟೆಂಪ್ಲೇಟ್‌ನಲ್ಲಿ ಕನ್ನಡ ಹೆಸರು ಹಾಕಿದಾಗ ಒತ್ತಕ್ಷರದ ಬಾಲ ಪಟ್ಟಿಯ ಆಚೆ ಹೋಗಿ ಕತ್ತರಿಸಿಹೋಗುತ್ತದೆ. ಒಬ್ಬರ ಹೆಸರು ತಪ್ಪಾಗಿ ಕಾಣುವುದು ನನಗಂತೂ ತುಂಬಾ ಬೇಜಾರಿನ ವಿಷಯ. 'ಕೃಷ್ಣಮೂರ್ತಿ' ಅಂತ ಟೈಪ್ ಮಾಡಿ, ಕೆಳಗೆ ಜಾಗ ಸಾಲುತ್ತದಾ ಅಂತ ಮೊದಲೇ ನೋಡಿಕೊಳ್ಳಿ.