ಬೈದರೆ ಆಕಳಿಸುವ ಬೆಕ್ಕು

ಪಶುವೈದ್ಯೆಯಾದ ನನಗೆ ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಬೆಕ್ಕಿನವೇ. ಅದರಲ್ಲೂ ಹೆಚ್ಚಿನವರು ಕೇಳಿರುವುದು ಬೆಕ್ಕು ಬಾಯಿ ತೆರೆಯುವ ಬಗ್ಗೆ. ಆಕಳಿಕೆ ಅಂತ ನಾವು ಅಂದುಕೊಳ್ಳುವುದೆಲ್ಲ ಆಕಳಿಕೆ ಅಲ್ಲ, ಆಕಳಿಕೆಯೆಲ್ಲ ನಿದ್ದೆಯದ್ದೂ ಅಲ್ಲ. ಹಾಗಾಗಿ ಆ ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಹೆಣ್ಣು ಬೆಕ್ಕಿದೆ. ಹೆಸರು ಚಿನ್ನಿ. ಹಾಲಿನ ಪಾತ್ರೆಗೆ ಬಾಯಿ ಹಾಕಿತು ಅಂತ ನಾನು ಜೋರಾಗಿ ಬೈದರೆ, ಕೂತಲ್ಲೇ ಕೂತು ಇಷ್ಟಗಲ ಬಾಯಿ ತೆರೆದು ಆಕಳಿಸುತ್ತದೆ. "ಅದಕ್ಕೆ ನಿನ್ನ ಭಯವೇ ಇಲ್ಲ, ಸೊಕ್ಕು" ಅಂತಾರೆ ನಮ್ಮತ್ತೆ. ತಂಗಿಯ ಮಗ ಬಂದು ಎತ್ತಿಕೊಂಡಾಗಲೂ ಹೀಗೇ ಮಾಡುತ್ತದೆ. ಅದಕ್ಕೆ ನಿದ್ದೆ ಸಾಲುತ್ತಿಲ್ಲವೇ?
— ಗೃಹಿಣಿ, ಶಿರಸಿ

ಉತ್ತರ: ಸೊಕ್ಕು ಖಂಡಿತ ಅಲ್ಲ, ನಿದ್ದೆಯ ಕೊರತೆಯೂ ಅಲ್ಲ. ದಿನಕ್ಕೆ ಹನ್ನೆರಡು ಗಂಟೆಗೂ ಮೀರಿ ಮಲಗುವ ಪ್ರಾಣಿ ಅದು. ಚಿನ್ನಿಗೆ ಆ ಹೊತ್ತಿನಲ್ಲಿ ಆಗುತ್ತಿರುವುದು ಕಸಿವಿಸಿ.

ನಮಗೂ ಹೀಗಾಗುತ್ತದೆ, ಅಲ್ವಾ? ಪರೀಕ್ಷೆಯ ಹಾಲ್ ಹೊರಗೆ ನಿಂತಾಗ, ವೇದಿಕೆ ಹತ್ತಿ ನಾಲ್ಕು ಮಾತಾಡಬೇಕಾದಾಗ, ನಿದ್ದೆಯ ಸುಳಿವೇ ಇಲ್ಲದೆ ಆಕಳಿಕೆ ಬರುತ್ತದೆ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದರೆ ಆಕಳಿಕೆ ಬರುತ್ತದೆ ಅಂತ ನಾವೆಲ್ಲ ಶಾಲೆಯಲ್ಲಿ ಕೇಳಿದ್ದೆವು. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಪ್ರೊವೈನ್ ಮತ್ತು ಅವರ ಜೊತೆಗಾರರು 1987ರಲ್ಲಿ ಜನರಿಗೆ ಶುದ್ಧ ಆಮ್ಲಜನಕವನ್ನೇ ಉಸಿರಾಡಲು ಕೊಟ್ಟು ನೋಡಿದರು, ಆಕಳಿಕೆ ಕಡಿಮೆಯಾಗಲಿಲ್ಲ. ಮೈ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೊರಳುವಾಗ, ನಿದ್ದೆಯಿಂದ ಎಚ್ಚರಕ್ಕೆ ಬರುವಾಗ ಅಥವಾ ಗಾಬರಿಯಿಂದ ಸಮಾಧಾನಕ್ಕೆ ಬರಲು ಒದ್ದಾಡುವಾಗ, ಆಕಳಿಕೆ ಬರುವುದು ಜಾಸ್ತಿ.

ನಿದ್ದೆಯ ಆಕಳಿಕೆ, ಕಸಿವಿಸಿಯ ಆಕಳಿಕೆ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸುವುದು ಕಷ್ಟವಲ್ಲ, ಬಾಯಿಯನ್ನು ಬಿಟ್ಟು ಉಳಿದ ಮೈಯನ್ನು ನೋಡಬೇಕು ಅಷ್ಟೆ. ಮಧ್ಯಾಹ್ನ ಜಗಲಿಯ ಮೇಲೆ ಮಲಗಿ ಎದ್ದ ಚಿನ್ನಿಯನ್ನು ಒಮ್ಮೆ ಗಮನಿಸಿ. ಮುಂಗಾಲು ಉದ್ದಕ್ಕೆ ಚಾಚುತ್ತದೆ, ಆಮೇಲೆ ಬೆನ್ನು ಕಮಾನಿನಂತೆ ಎತ್ತುತ್ತದೆ, ಕಣ್ಣು ಅರ್ಧ ಮುಚ್ಚಿ ಆಕಳಿಸಿ, ಗೋಣಿಚೀಲಕ್ಕೆ ನಾಲ್ಕು ಸಲ ಉಗುರು ಕೆರೆದು ಹೊರಟುಬಿಡುತ್ತದೆ. ಕಿವಿ ಸಡಿಲ, ಮೈಯೂ ಸಡಿಲ. ಇದು ಸುಖದ ಆಕಳಿಕೆ. ಈಗ ನೀವು ಬೈದಾಗ ನೋಡಿ. ಕಿವಿ ಪಕ್ಕಕ್ಕೆ ಅಥವಾ ಹಿಂದಕ್ಕೆ ತಿರುಗಿರುತ್ತದೆ, ಕಣ್ಣಿನ ಪಾಪೆ ದೊಡ್ಡದಾಗಿರುತ್ತದೆ, ಬಾಲ ಮೈಗೆ ಅಂಟಿಕೊಂಡಿರುತ್ತದೆ. ಆಕಳಿಸಿದ ಮರುಕ್ಷಣ ಮೂತಿ ನೆಕ್ಕಿಕೊಳ್ಳುತ್ತದೆ, ಮುಖ ಬೇರೆ ಕಡೆ ತಿರುಗಿಸುತ್ತದೆ, ಇಲ್ಲವೇ ಏನೋ ತುರ್ತು ಕೆಲಸ ನೆನಪಾದ ಹಾಗೆ ಭುಜ ನೆಕ್ಕಲು ಶುರುಮಾಡುತ್ತದೆ. ನನ್ನ ಕ್ಲಿನಿಕ್ಕಿನ ಮೇಜಿನ ಮೇಲೆ ಇದನ್ನು ದಿನಾ ನೋಡುತ್ತೇನೆ. ಬೆಕ್ಕು ಆಕಳಿಸಿದರೆ ನಾನು ಸಿರಿಂಜ್ ಪಕ್ಕಕ್ಕಿಟ್ಟು, ಬೆಕ್ಕಿನ ಮೇಲೊಂದು ಟವೆಲ್ ಹೊದಿಸಿ ಎರಡು ನಿಮಿಷ ಸುಮ್ಮನಿರುತ್ತೇನೆ. ಆ ಎರಡು ನಿಮಿಷದಿಂದ ಎಷ್ಟೋ ಸಲ ಪರಚುವುದು, ಕಚ್ಚುವುದು ತಪ್ಪಿದೆ.

ಬೈಯುವುದರಿಂದ ಏನೂ ಪ್ರಯೋಜನವಿಲ್ಲ. ಹಾಲು ಕುಡಿದದ್ದು ಐದು ನಿಮಿಷದ ಹಿಂದೆ, ಬೈಗುಳ ಈಗ. ಎರಡಕ್ಕೂ ಸಂಬಂಧ ಅದಕ್ಕೆ ಹೊಳೆಯುವುದಿಲ್ಲ. ಊಟ ಹಾಕುವವರು ಇದ್ದಕ್ಕಿದ್ದ ಹಾಗೆ ಕೂಗುತ್ತಾರೆ ಅನ್ನುವುದಷ್ಟೇ ಅದರ ತಲೆಯಲ್ಲಿ ಉಳಿಯುತ್ತದೆ. ಹಾಲಿನ ಪಾತ್ರೆಗೆ ಭಾರದ ಮುಚ್ಚಳ ಹಾಕಿ. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಸರಿಯಾಗಿ ಅರಗುವುದೂ ಇಲ್ಲ, ಹೊಟ್ಟೆ ಕೆಡುತ್ತದೆ. ಇನ್ನು ತಂಗಿಯ ಮಗನ ವಿಷಯ. ಮಕ್ಕಳು ಕಂಕುಳಿಗೆ ಕೈಹಾಕಿ ಎತ್ತುತ್ತಾರೆ, ಹಿಂಗಾಲು ಜೋತಾಡುತ್ತದೆ, ಬೆಕ್ಕಿಗೆ ಬೀಳುವ ಭಯ. ಅವನಿಗೆ ನೆಲದ ಮೇಲೆ ಕೂರಲು ಹೇಳಿ, ಚಿನ್ನಿ ತಾನಾಗಿ ಬರಲಿ. ಎತ್ತಲೇಬೇಕಾದರೆ ಒಂದು ಕೈ ಎದೆಗೆ, ಇನ್ನೊಂದು ಕೈ ಹಿಂಭಾಗದ ಅಡಿಗೆ. ಅದು ಆಕಳಿಸಿದರೆ ಅಥವಾ ಬಾಲ ಬಡಿದರೆ ಕೂಡಲೇ ಕೆಳಗೆ ಬಿಡಬೇಕು.

ಪ್ರಶ್ನೆ: ನಮ್ಮ ಬೆಕ್ಕಿಗೆ ಈಗ ಹನ್ನೊಂದು ವರ್ಷ. ಒಂದು ತಿಂಗಳಿಂದ ಪದೇ ಪದೇ ಆಕಳಿಸುತ್ತಿದೆ. ತಿನ್ನುವಾಗ ತಲೆ ಒಂದು ಕಡೆ ವಾಲಿಸುತ್ತದೆ, ತುತ್ತು ಬಾಯಿಂದ ಬೀಳುತ್ತದೆ. ಬಾಯಿ ವಾಸನೆ. ವಯಸ್ಸಾಯಿತಲ್ಲ ಅಂತ ಸುಮ್ಮನಿದ್ದೇವೆ. ಆದರೆ ಗುರ್‌ಗುರ್ ಅಂತಾನೇ ಇರುತ್ತದೆ, ಹಾಗಾಗಿ ನೋವಿಲ್ಲ ತಾನೇ?
— ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಸರ್, ನೋವಿದೆ. ದಯವಿಟ್ಟು ಈ ವಾರವೇ ತೋರಿಸಿ.

ಬೆಕ್ಕು ಗುರ್‌ಗುರ್ ಅನ್ನುವುದು ಖುಷಿಯಾದಾಗ ಮಾತ್ರವಲ್ಲ. ನೋವಿನಲ್ಲಿ, ಹೆರಿಗೆಯ ಹೊತ್ತಿನಲ್ಲಿ, ಕೊನೆಯುಸಿರು ಎಳೆಯುವಾಗಲೂ ಗುರುಗುಡುವ ಬೆಕ್ಕುಗಳನ್ನು ನೋಡಿದ್ದೇನೆ. ಮತ್ತೆ ಮತ್ತೆ ಬಾಯಿ ತೆರೆದು ದವಡೆ ಆಡಿಸುವುದು, ಒಂದೇ ಪಕ್ಕದಲ್ಲಿ ಅಗಿಯುವುದು, ತುತ್ತು ಬೀಳಿಸುವುದು, ವಾಸನೆ, ಇವೆಲ್ಲ ಸೇರಿದರೆ ಮೊದಲ ಅನುಮಾನ ಬಾಯಿಯ ಮೇಲೇ. ದೊಡ್ಡ ಬೆಕ್ಕಿಗೆ ಮೂವತ್ತು ಹಲ್ಲು. ಅವುಗಳ ಬುಡದಲ್ಲಿ ಹಳದಿ ಕಲ್ಲು ಕಟ್ಟಿ ವಸಡು ಊದುತ್ತದೆ. ಇನ್ನೊಂದು ರೋಗದಲ್ಲಿ ಹಲ್ಲು ಬುಡದಿಂದಲೇ ಕರಗುತ್ತಾ ಹೋಗುತ್ತದೆ. ಇದು ಬೆಕ್ಕುಗಳಲ್ಲಿ ತುಂಬಾ ಸಾಮಾನ್ಯ, ತುಂಬಾ ನೋವಿನದು, ಹೊರಗಿನಿಂದ ನೋಡಿದರೆ ಏನೂ ಕಾಣದೆಯೂ ಇರಬಹುದು. ಈ ವಯಸ್ಸಿನಲ್ಲಿ ಕಿಡ್ನಿ ಕೆಟ್ಟರೂ ಬಾಯಲ್ಲಿ ಹುಣ್ಣು, ವಾಸನೆ ಬರುತ್ತದೆ. ಹಾಗಾಗಿ ಬಾಯಿ ನೋಡುವುದರ ಜೊತೆಗೆ ರಕ್ತ ಪರೀಕ್ಷೆಯನ್ನೂ ಕೇಳಿ. ಹಲ್ಲು ತೆಗೆಯಬೇಕಾದರೆ ಅರಿವಳಿಕೆ ಕೊಟ್ಟೇ ತೆಗೆಯುತ್ತಾರೆ. ಹಲ್ಲು ಹೋದರೆ ಹೇಗೆ ತಿನ್ನುತ್ತದೆ ಅಂತ ಚಿಂತೆ ಬೇಡ, ನೋವು ಹೋದ ಮೇಲೆ ಮೆತ್ತಗಿನ ಊಟವನ್ನು ಚೆನ್ನಾಗಿಯೇ ತಿನ್ನುತ್ತವೆ. ನಿಮ್ಮಲ್ಲಿ ಸೌಲಭ್ಯ ಸಿಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ನಿಮಗೆ ದೂರವೇನಲ್ಲ.

ನೋವು ಮುಖದಲ್ಲೂ ಕಾಣುತ್ತದೆ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಬೆಕ್ಕಿನ ಮುಖ ನೋಡಿ ನೋವು ಅಳೆಯುವ ಕ್ರಮವೊಂದನ್ನು ಪ್ರಕಟಿಸಿದರು. ಕಿವಿ ಅಗಲಗಲವಾಗಿ ಹೊರಕ್ಕೆ ತಿರುಗಿದೆಯೇ, ಕಣ್ಣು ಕಿರಿದಾಗಿದೆಯೇ, ಮೂತಿ ಬಿಗಿದಿದೆಯೇ, ಮೀಸೆ ನೆಟ್ಟಗಾಗಿದೆಯೇ, ತಲೆ ಭುಜಕ್ಕಿಂತ ಕೆಳಗಿದೆಯೇ? ಪ್ರತಿಯೊಂದಕ್ಕೂ 0, 1 ಅಥವಾ 2 ಅಂಕ. ಹತ್ತಕ್ಕೆ ನಾಲ್ಕು ಅಥವಾ ಹೆಚ್ಚು ಬಂದರೆ ನೋವಿಗೆ ಔಷಧಿ ಬೇಕು ಅಂತ ಲೆಕ್ಕ. ಡಾಕ್ಟರಿಗೆ ತೋರಿಸಲು ಅದು ಸುಮ್ಮನೆ ಕೂತಿರುವಾಗ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಆಸ್ಪತ್ರೆಯಲ್ಲಿ ಗಾಬರಿಗೆ ಮುಖವೇ ಬದಲಾಗಿರುತ್ತದೆ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಕಾಲು ಭಾಗವೂ ಕೊಡಬೇಡಿ. ಬೆಕ್ಕಿನ ಮೈಗೆ ಅದು ವಿಷ. ಪ್ರೀತಿಯಿಂದ ಕೊಟ್ಟು ಬೆಕ್ಕನ್ನು ಕಳೆದುಕೊಂಡವರ ಕಣ್ಣೀರು ನೋಡಿದ್ದೇನೆ.

ಪ್ರಶ್ನೆ: ನಮ್ಮವರು ಹೊರಗಿನಿಂದ ಬಂದು ಚಪ್ಪಲಿ ಬಿಟ್ಟರೆ ನಮ್ಮ ಬೆಕ್ಕು ಅದನ್ನು ಮೂಸಿ, ಬಾಯಿ ಅರ್ಧ ತೆರೆದು, ತುಟಿ ಮೇಲೆಳೆದು, ಅವಾಕ್ಕಾದ ಹಾಗೆ ನಿಂತುಬಿಡುತ್ತದೆ. ಅಷ್ಟೊಂದು ವಾಸನೆಯೇ? ಅಥವಾ ಇದೂ ಆಕಳಿಕೆಯೇ?
— ಓದುಗರು, ಮಂಗಳೂರು

ಉತ್ತರ: ಆಕಳಿಕೆ ಅಲ್ಲ, ಅಸಹ್ಯವೂ ಅಲ್ಲ. ಅದು ವಾಸನೆಯನ್ನು ಓದುತ್ತಿದೆ. ಮೇಲಿನ ಮುಂದಿನ ಹಲ್ಲುಗಳ ಹಿಂದೆ, ಅಂಗುಳಲ್ಲಿ, ಎರಡು ಸಣ್ಣ ರಂಧ್ರಗಳಿವೆ. ಅವು ಯಾಕೋಬ್ಸನ್ ಅಂಗ ಎಂಬ ಎರಡನೇ ಮೂಗಿಗೆ ಹೋಗುತ್ತವೆ. ಬೇರೆ ಬೆಕ್ಕಿನ ಉಚ್ಚೆ, ಮೈವಾಸನೆ ಸಿಕ್ಕಾಗ ಬಾಯಿ ತೆರೆದು ಅದನ್ನು ಆ ಅಂಗಕ್ಕೆ ತಲುಪಿಸುತ್ತದೆ. ಬಂದದ್ದು ಗಂಡೋ ಹೆಣ್ಣೋ, ಬೆದೆಗೆ ಬಂದಿದೆಯೋ ಎಂಬ ಸುದ್ದಿ ಅಲ್ಲಿ ಸಿಗುತ್ತದೆ. ನಿಮ್ಮ ಊರಿನ ಕಡೆ ಕೋಣಗಳನ್ನು ನೋಡಿದ್ದರೆ ಗೊತ್ತಿರುತ್ತದೆ. ಎಮ್ಮೆಯ ಗಂಜಲ ಮೂಸಿ, ಮೂತಿ ಮೇಲೆತ್ತಿ, ತುಟಿ ಮಡಚಿ ನಿಲ್ಲುತ್ತವಲ್ಲ, ಅದೇ ಇದು. ಚಪ್ಪಲಿಯ ಮೇಲೆ ಯಾವುದೋ ಬೀದಿ ಬೆಕ್ಕಿನ ಗುರುತು ಹತ್ತಿಕೊಂಡು ಬಂದಿರಬೇಕು.

ಪ್ರಶ್ನೆ: ನಿನ್ನೆ ಮಧ್ಯಾಹ್ನ ನಮ್ಮ ಬೆಕ್ಕು ನಾಯಿಯ ಹಾಗೆ ಬಾಯಿ ತೆರೆದು ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುತ್ತಿತ್ತು. ಸೆಕೆಗೆ ಹೀಗೆ ಸಹಜವೇ?
— ಓದುಗರು, ಕಲಬುರಗಿ

ಉತ್ತರ: ನಾಯಿಗೆ ಸಹಜ, ಬೆಕ್ಕಿಗೆ ಅಲ್ಲ. ಮರಿಯೊಂದು ಹುಚ್ಚೆದ್ದು ಓಡಾಡಿ ಒಂದೆರಡು ನಿಮಿಷ ಹೀಗೆ ಮಾಡಿ ಸರಿಹೋದರೆ ಪರವಾಗಿಲ್ಲ. ಸುಮ್ಮನೆ ಕೂತಿದ್ದಾಗ ಹೀಗಾದರೆ ಬಿಸಿಲಿನ ಹೊಡೆತ, ಆಸ್ತಮಾ, ಹೃದಯದ ತೊಂದರೆ, ಎದೆಯಲ್ಲಿ ನೀರು, ಯಾವುದೂ ಇರಬಹುದು. ನಿಮ್ಮ ಊರಿನ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ, ಆದ್ದರಿಂದ ಮೊದಲು ತಂಪಿನ ಕೋಣೆಗೆ ತನ್ನಿ, ಸಾಧಾರಣ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಪಾದ, ಹೊಟ್ಟೆ ಒರೆಸಿ. ಐಸ್ ಬೇಡ. ಬಾಯಿಗೆ ನೀರು ಸುರಿಯಬೇಡಿ. ನಿದ್ದೆಯಲ್ಲಿರುವಾಗ ಎದೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. ಮೂವತ್ತರೊಳಗಿದ್ದರೆ ಸರಿ, ನಲವತ್ತು ದಾಟಿದರೆ ಆಸ್ಪತ್ರೆ. ವಸಡು ಬಿಳಿಚಿದ್ದರೆ ಅಥವಾ ನೀಲಿಗಟ್ಟಿದ್ದರೆ ಎಣಿಸುತ್ತಾ ಕೂರಬೇಡಿ, ಬುಟ್ಟಿಯಲ್ಲಿಟ್ಟುಕೊಂಡು ಹೊರಡಿ. ನಿನ್ನೆ ಸರಿಹೋಗಿದ್ದರೂ ಒಮ್ಮೆ ತೋರಿಸಿ.

ಪ್ರಶ್ನೆ: ನನ್ನ ಬೆಕ್ಕು ಅಂಗಾತ ಬಿದ್ದು ಹೊಟ್ಟೆ ತೋರಿಸುತ್ತದೆ. ಸವರಲು ಹೋದರೆ ಕಚ್ಚುತ್ತದೆ. ಕರೆದು ಕಚ್ಚುವುದು ಯಾವ ನ್ಯಾಯ?
— ವಿದ್ಯಾರ್ಥಿನಿ, ಮೈಸೂರು

ಉತ್ತರ: ಅದು ಕರೆದಿಲ್ಲ. "ನಿನ್ನೆದುರು ಹೀಗೆ ಮಲಗಲು ನನಗೆ ಭಯವಿಲ್ಲ" ಅಂದಿದೆ. ಮುಟ್ಟು ಅಂತ ಹೇಳಿಲ್ಲ. ಕರೆಯುವುದಾದರೆ ಬಾಲ ನೆಟ್ಟಗೆ ಮೇಲೆತ್ತಿ, ತುದಿ ಸ್ವಲ್ಪ ಬಾಗಿಸಿ, ನಿಮ್ಮ ಕಾಲಿಗೆ ಕೆನ್ನೆ ಉಜ್ಜುತ್ತದೆ. ಆಗ ಗಲ್ಲ, ಕಿವಿಯ ಬುಡ ಸವರಿ. ಮೂರು ಸಲ ಸವರಿ ಕೈ ತೆಗೆಯಿರಿ. ಇನ್ನೂ ಬೇಕಾದರೆ ತಾನೇ ತಲೆ ತಂದು ಒತ್ತುತ್ತದೆ. ಬಾಲದ ತುದಿ ಪಟಪಟ ಬಡಿಯುವುದು, ಬೆನ್ನಿನ ಚರ್ಮ ಅಲುಗುವುದು ಕಂಡರೆ ನಿಲ್ಲಿಸಿ. ಕಚ್ಚಿ ರಕ್ತ ಬಂದರೆ, ಮನೆಯ ಬೆಕ್ಕೇ ಆದರೂ, ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ರೇಬೀಸ್ ವಿಷಯದಲ್ಲಿ ನಾಳೆ ನೋಡೋಣ ಅನ್ನುವಂತಿಲ್ಲ.

ಪ್ರಶ್ನೆ: ಮಳೆಯಲ್ಲಿ ಸಿಕ್ಕಿದ ಬೀದಿ ಬೆಕ್ಕನ್ನು ಮನೆಗೆ ತಂದು ಎರಡು ವಾರವಾಯಿತು. ಮಂಚದ ಕೆಳಗಿನಿಂದ ಹೊರಗೇ ಬರುತ್ತಿಲ್ಲ. "ನೀನಂದ್ರೆ ನಮಗಿಷ್ಟ" ಅಂತ ಅದಕ್ಕೆ ಹೇಳುವುದು ಹೇಗೆ ಅಂತ ನನ್ನ ಎಂಟು ವರ್ಷದ ಮಗಳು ಕೇಳುತ್ತಿದ್ದಾಳೆ.
— ಓದುಗರು, ಬೆಂಗಳೂರು

ಉತ್ತರ: ಮಗಳಿಗೆ ಹೇಳಿ, ಕಣ್ಣಿನಲ್ಲಿ ಹೇಳಬೇಕು. ದೂರದಲ್ಲಿ, ನೆಲದ ಮೇಲೆ, ಬೆಕ್ಕಿಗೆ ಸ್ವಲ್ಪ ಓರೆಯಾಗಿ ಕೂರಲಿ. ದಿಟ್ಟಿಸಿ ನೋಡಬಾರದು, ಬೆಕ್ಕುಗಳ ಲೋಕದಲ್ಲಿ ಅದು ಜಗಳಕ್ಕೆ ಕರೆಯುವುದು. ಕಣ್ಣು ಸ್ವಲ್ಪ ಕಿರಿದಾಗಿಸಿ, ನಿಧಾನವಾಗಿ ಮುಚ್ಚಿ, ಒಂದೆರಡು ಕ್ಷಣ ಬಿಟ್ಟು ನಿಧಾನವಾಗಿ ತೆರೆಯಲಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಕಣ್ಣು ಮಿಟುಕಿಸಿದವರಿಗೆ ಬೆಕ್ಕುಗಳೂ ಹಾಗೆಯೇ ಮಿಟುಕಿಸಿದವು. ಅಪರಿಚಿತರು ಮಿಟುಕಿಸಿ ಕೈ ಚಾಚಿದಾಗ, ಮುಖದಲ್ಲಿ ಯಾವ ಭಾವವೂ ಇಲ್ಲದೆ ಚಾಚಿದ್ದಕ್ಕಿಂತ ಹೆಚ್ಚಾಗಿ ಹತ್ತಿರ ಬಂದವು.

ಎಳೆದು ಹೊರಗೆ ತರಬೇಡಿ. ಮಂಚದ ಕೆಳಗೆ ಒಂದು ರಟ್ಟಿನ ಡಬ್ಬಿ ಇಡಿ, ಊಟದ ತಟ್ಟೆಯನ್ನು ದಿನಕ್ಕೆ ಒಂದು ಗೇಣು ಹೊರಗೆ ಸರಿಸಿ. ಮಗಳು ದಿನಾ ಅದೇ ಹೊತ್ತಿಗೆ ಅಲ್ಲಿ ಕೂತು ಮೆಲುದನಿಯಲ್ಲಿ ತನ್ನ ಪಾಠ ಓದಿಕೊಳ್ಳಲಿ. ಒಂದು ದಿನ ಅದು ಮಂಚದ ಅಂಚಿಗೆ ಬಂದು, ಮುಂಗಾಲು ಚಾಚಿ, ಕಿವಿ ಸಡಿಲ ಬಿಟ್ಟು, ಅವಳೆದುರೇ ದೊಡ್ಡದಾಗಿ ಆಕಳಿಸಿ ಅಲ್ಲೇ ಮಲಗಿದರೆ ನನಗೊಂದು ಪತ್ರ ಬರೆಯಲು ಹೇಳಿ.