ಫೋರ್ಡ್ ಮಸ್ಟಾಂಗ್ ಜಿಟಿ ಕಾರಿಗೆ ಕೋಲ್ಡ್ ಏರ್ ಇಂಟೇಕ್ (ಎಂಜಿನ್ನಿಗೆ ಹೊರಗಿನ ತಣ್ಣನೆ ಗಾಳಿ ತರುವ ಪೈಪ್ ಮತ್ತು ಫಿಲ್ಟರ್) ಹಾಕಿಸಿದರೆ ಪವರ್ ಜಾಸ್ತಿ ಆಗುತ್ತಾ?

ಆಗುತ್ತದೆ, ಆದರೆ ಡಬ್ಬದ ಮೇಲೆ ಬರೆದಷ್ಟು ಸಿಗುತ್ತದೆ ಅಂತ ನಂಬಬೇಡಿ.

ಲೆಕ್ಕ ಸುಲಭ. ಗಾಳಿ ಸುಮಾರು 3 ಡಿಗ್ರಿ ತಣ್ಣಗಾದರೆ, ಅಷ್ಟೇ ಜಾಗದಲ್ಲಿ ಶೇ. 1ರಷ್ಟು ಜಾಸ್ತಿ ಗಾಳಿ ಹಿಡಿಸುತ್ತದೆ. ಜಾಸ್ತಿ ಆಕ್ಸಿಜನ್ ಸಿಕ್ಕರೆ ಜಾಸ್ತಿ ಪೆಟ್ರೋಲ್ ಸುಡಬಹುದು. ಆದರೆ ಕಂಪನಿ ಕೊಟ್ಟ ಏರ್‌ಬಾಕ್ಸ್ (ಏರ್ ಫಿಲ್ಟರ್ ಕೂರುವ ಡಬ್ಬ) ಕೂಡ ಕಾರಿನ ಮುಂಭಾಗದಿಂದಲೇ ಗಾಳಿ ಎಳೆಯುತ್ತದೆ, ಅಲ್ವಾ? ಅದನ್ನು ಕಿತ್ತು ಬಾನೆಟ್ ಒಳಗೆ ಸುಮ್ನೆ ಒಂದು ಕೋನ್ ಫಿಲ್ಟರ್ ಸಿಕ್ಕಿಸಿದರೆ, ಅದು ಕುಡಿಯುವುದು ಎಂಜಿನ್ನಿನ ಬಿಸಿ ಗಾಳಿಯನ್ನೇ. ಸದ್ದು ಮಾತ್ರ ಜೋರಾಗುತ್ತದೆ. (ಆ ಸದ್ದಿಗೇ ಮರುಳಾಗಿ ದುಡ್ಡು ಕೊಡುವವರೂ ಇದ್ದಾರೆ, ತಪ್ಪೇನಿಲ್ಲ.) ಹಾಗಾಗಿ ಫಿಲ್ಟರ್ ಸುತ್ತ ಗೋಡೆಯಿದ್ದು, ಬಾನೆಟ್ ಮುಚ್ಚಿದಾಗ ಮೇಲಿನ ರಬ್ಬರ್ ಸರಿಯಾಗಿ ಕೂರುವಂಥದ್ದನ್ನೇ ತಗೊಳ್ಳಿ.

ಎಡವಟ್ಟು ಆಗುವುದು ಏರ್‌ಫ್ಲೋ ಸೆನ್ಸರ್ ಹತ್ತಿರ. ಒಳಗೆ ಬರುವ ಗಾಳಿಯನ್ನು ಅದು ಅಳೆಯುವುದು ತಾನು ಕೂತಿರುವ ಇಂಟೇಕ್ ಪೈಪಿನ ಅಳತೆಯ ಮೇಲೆ. ಪೈಪ್ ದಪ್ಪವಾದರೆ ಬಂದ ಗಾಳಿಗಿಂತ ಕಡಿಮೆ ಲೆಕ್ಕ ಕೊಡುತ್ತದೆ, ಪೆಟ್ರೋಲ್ ಸಾಲದೆ ಹೋಗುತ್ತದೆ. ಅಂಥ ಕಿಟ್‌ಗೆ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಟ್ಯೂನ್ ಮಾಡಿಸಲೇಬೇಕು. ಎಣ್ಣೆ ಹಚ್ಚುವ ಫಿಲ್ಟರ್ ಆದರೆ ಕೈ ಹಿಡಿದು ಹಚ್ಚಿ. ಜಾಸ್ತಿಯಾದರೆ ಸೆನ್ಸರಿನ ತೆಳು ತಂತಿಗೆ ಅಂಟಿಕೊಳ್ಳುತ್ತದೆ.

ದುಡ್ಡು ಹಾಕುವ ಮುಂಚೆ ಒಂದು ಓಬಿಡಿ ರೀಡರ್ (ಕಾರಿನ ಸೆನ್ಸರ್‌ಗಳ ಅಂಕಿ ತೋರಿಸುವ ಸಾಧನ) ಚುಚ್ಚಿ, ಹೈವೇಯಲ್ಲಿ ಓಡಿಸುತ್ತಾ ಪಕ್ಕದಲ್ಲಿ ಕೂತವರಿಗೆ ಇಂಟೇಕ್ ಗಾಳಿಯ ಉಷ್ಣತೆ ನೋಡಲು ಹೇಳಿ. ಹೊರಗೆ 30 ಡಿಗ್ರಿ, ಒಳಗೆ 35 ಇದ್ದರೆ ಹೊಸ ಇಂಟೇಕ್ ತಣ್ಣಗೆ ಮಾಡುವುದು ಹೆಚ್ಚೇನೂ ಉಳಿದಿಲ್ಲ. ಆ ದುಡ್ಡಲ್ಲಿ ಒಳ್ಳೆ ಟೈರ್ ಹಾಕಿಸಿ.