ಯುದ್ಧಕಾಲದ ಸ್ವಿಂಗ್ ಸಂಗೀತಕ್ಕಾಗಿ ಇಂದಿಗೂ ಇಷ್ಟೊಂದು ಹಂಬಲವೇಕೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಎರಡನೆಯ ಮಹಾಯುದ್ಧದ ಕಾಲದ ಬಿಗ್ ಬ್ಯಾಂಡ್ ಸ್ವಿಂಗ್ ಸಂಗೀತಕ್ಕಾಗಿ, ಅಂದರೆ ದೊಡ್ಡ ತಂಡಗಳು ಕುಣಿತಕ್ಕೆಂದು ನುಡಿಸುತ್ತಿದ್ದ ಜಾಝ್ ಸಂಗೀತಕ್ಕಾಗಿ, ಆ ಯುದ್ಧವನ್ನೇ ಕಾಣದ ತಲೆಮಾರಿನವರೂ ಏಕೆ ಹಾತೊರೆಯುತ್ತಾರೆ ಎಂಬುದು ಒಂದು. ಆ ಸಂಗೀತ ನಿಜಕ್ಕೂ ಅಷ್ಟು ಸತ್ವವುಳ್ಳದ್ದೇ ಅಥವಾ ಯುದ್ಧದ ನೆನಪೇ ಅದಕ್ಕೆ ಹೊಳಪು ಕೊಟ್ಟಿದೆಯೇ ಎಂಬುದು ಇನ್ನೊಂದು. ಈ ಸಂಗೀತವನ್ನು ಬಹುಕಾಲದಿಂದ ಪ್ರೀತಿಯಿಟ್ಟು ಕೇಳುತ್ತಾ ಬಂದಿರುವ ನನಗೆ ತೋರುವುದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಹಂಬಲ ಯುದ್ಧ ಮುಗಿದು ದಶಕಗಳು ಕಳೆದ ಮೇಲೆ ಹುಟ್ಟಿಕೊಂಡದ್ದಲ್ಲ. ಯುದ್ಧ ನಡೆಯುತ್ತಿದ್ದಾಗಲೇ ಅಮೆರಿಕದ ಸೈನಿಕರೂ ಅವರ ಮನೆಯವರೂ ಈ ಸಂಗೀತವನ್ನು ಕೈತಪ್ಪಿಹೋದ ದಿನಗಳ ದನಿಯೆಂದೇ ಕೇಳುತ್ತಿದ್ದರು. ಹಳಹಳಿಕೆ ಆ ಧ್ವನಿಮುದ್ರಿಕೆಗಳ ಬದುಕಿನಲ್ಲಿ ಮೊದಲಿನಿಂದಲೂ ಸೇರಿಕೊಂಡಿತ್ತು, ನಮಗೆ ಅದು ದಾಟಿ ಬಂದಿದೆ ಅಷ್ಟೆ.

ಇಸವಿಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಸ್ವಿಂಗ್ ಯುಗ ಆರಂಭವಾದದ್ದು 1935ರ ಆಗಸ್ಟ್ 21ರಂದು, ಲಾಸ್ ಏಂಜಲೀಸ್‌ನ ಪಾಲೊಮಾರ್ ಬಾಲ್‌ರೂಮ್‌ನಲ್ಲಿ ಬೆನ್ನಿ ಗುಡ್‌ಮನ್ ಅವರ ತಂಡ ನುಡಿಸಿದ ರಾತ್ರಿ ಎಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಆ ತಂಡದ ಬತ್ತಳಿಕೆಯಲ್ಲಿದ್ದ ಮುಖ್ಯ ಸಂಯೋಜನೆಗಳನ್ನು ಬರೆದುಕೊಟ್ಟವರು ಫ್ಲೆಚರ್ ಹೆಂಡರ್ಸನ್ ಎಂಬ ಕಪ್ಪು ಸಂಗೀತಗಾರರು, ಮತ್ತು ನ್ಯೂಯಾರ್ಕ್‌ನ ಕರಿಯರ ಬಡಾವಣೆಯಾದ ಹಾರ್ಲೆಮ್‌ನ ನೃತ್ಯಶಾಲೆಗಳಲ್ಲಿ ಈ ಸಂಗೀತ ಅದಕ್ಕೂ ಮೊದಲೇ ಬೆಳೆದು ನಿಂತಿತ್ತು. 1938ರ ಜನವರಿಯಲ್ಲಿ ಗುಡ್‌ಮನ್ ತಂಡ ನ್ಯೂಯಾರ್ಕ್‌ನ ಪ್ರತಿಷ್ಠಿತ ಸಭಾಂಗಣವಾದ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿತು. ಇನ್ನೊಬ್ಬ ತಂಡದ ನಾಯಕ ಗ್ಲೆನ್ ಮಿಲ್ಲರ್ ಅವರ 'ಮೂನ್‌ಲೈಟ್ ಸೆರೆನೇಡ್' ಮತ್ತು 'ಇನ್ ದ ಮೂಡ್' ಎರಡೂ ಧ್ವನಿಮುದ್ರಣಗೊಂಡದ್ದು 1939ರಲ್ಲಿ. ಅಮೆರಿಕ ಯುದ್ಧಕ್ಕಿಳಿದದ್ದು 1941ರ ಡಿಸೆಂಬರ್‌ನಲ್ಲಿ. ಅಂದರೆ, ಇಂದು ಯುದ್ಧದ ಚಿತ್ರಗಳ ಹಿನ್ನೆಲೆಯಲ್ಲಿ ತಪ್ಪದೆ ಕೇಳಿಬರುವ ತುಣುಕುಗಳಲ್ಲಿ ಬಹುಪಾಲು, ಅಮೆರಿಕನ್ನರ ಮಟ್ಟಿಗೆ, ಶಾಂತಿಕಾಲದವು. 1943ರಲ್ಲಿ ಇಟಲಿಯ ಕೆಸರಿನಲ್ಲೋ ಪೆಸಿಫಿಕ್ ದ್ವೀಪದಲ್ಲೋ ಅವನ್ನು ಕೇಳುತ್ತಿದ್ದ ಹುಡುಗನಿಗೆ ಅವು ತಾನು ಹದಿನೇಳರ ಹರೆಯದಲ್ಲಿದ್ದಾಗ ಕುಣಿದ ಹಾಡುಗಳು.

ಹೊಸ ಹಾಡುಗಳು ಬಂದು ಆ ಹಳೆಯವನ್ನು ಏಕೆ ಹಿಂದಕ್ಕೆ ತಳ್ಳಲಿಲ್ಲ ಎಂದು ಕೇಳಿದರೆ, ಉತ್ತರದ ಒಂದು ಎಳೆ ನಮ್ಮ ದೇಶದ ಕಾಡುಗಳವರೆಗೆ ಬರುತ್ತದೆ. ನಿಮಿಷಕ್ಕೆ 78 ಸುತ್ತು ತಿರುಗುವ ಅಂದಿನ ಗ್ರಾಮಫೋನ್ ತಟ್ಟೆಗಳನ್ನು ಮಾಡುತ್ತಿದ್ದುದು ಶೆಲ್ಯಾಕ್‌ನಿಂದ, ಅಂದರೆ ಮರದ ರೆಂಬೆಗಳ ಮೇಲೆ ಅರಗಿನ ಹುಳು ಸ್ರವಿಸುವ ಅರಗನ್ನು ಶುದ್ಧಮಾಡಿದ ಪದಾರ್ಥದಿಂದ. ಲೋಕಕ್ಕೆ ಅದನ್ನು ಬಹುಮಟ್ಟಿಗೆ ಒದಗಿಸುತ್ತಿದ್ದುದು ಭಾರತ, ಅದರಲ್ಲೂ ಇಂದಿನ ಜಾರ್ಖಂಡ್ ಸುತ್ತಣ ಛೋಟಾನಾಗಪುರದ ಸೀಮೆ. ಯುದ್ಧದಿಂದ ಹಡಗಿನ ದಾರಿಗಳು ಅಪಾಯಕ್ಕೆ ಸಿಲುಕಿದವು, ಇದ್ದ ಅರಗು ಯುದ್ಧಸಾಮಗ್ರಿಗೂ ಬೇಕಾಯಿತು. 1942ರ ಏಪ್ರಿಲ್‌ನಲ್ಲಿ ಅಮೆರಿಕದ ಸರ್ಕಾರ ಧ್ವನಿಮುದ್ರಣ ಕಂಪನಿಗಳಿಗೆ ಸಿಗುವ ಶೆಲ್ಯಾಕ್ ಅನ್ನು ಶೇಕಡಾ 70ರಷ್ಟು ಕಡಿತಗೊಳಿಸಿತು. ಹಳೆಯ ತಟ್ಟೆಗಳನ್ನು ತಂದುಕೊಡಿ, ಅರೆದು ಹೊಸದು ಮಾಡುತ್ತೇವೆ ಎಂದು ಗ್ರಾಹಕರನ್ನು ಕೇಳಿಕೊಳ್ಳುವ ಸ್ಥಿತಿ ಬಂತು.

ಅದೇ ವರ್ಷದ ಆಗಸ್ಟ್ 1ರಿಂದ ಸಂಗೀತಗಾರರ ಒಕ್ಕೂಟ, ತನ್ನ ಅಧ್ಯಕ್ಷ ಜೇಮ್ಸ್ ಪೆಟ್ರಿಲೊ ಅವರ ನೇತೃತ್ವದಲ್ಲಿ, ಧ್ವನಿಮುದ್ರಣವನ್ನೇ ಬಹಿಷ್ಕರಿಸಿತು. ರೇಡಿಯೊ ಕೇಂದ್ರಗಳೂ ಹೋಟೆಲುಗಳಲ್ಲಿದ್ದ, ಕಾಸು ಹಾಕಿದರೆ ಹಾಡುವ ಜೂಕ್‌ಬಾಕ್ಸ್ ಯಂತ್ರಗಳೂ ತಟ್ಟೆ ಹಾಕಿ ಕೆಲಸ ಮುಗಿಸುತ್ತಿದ್ದುದರಿಂದ ಎದುರಿಗೆ ಕುಳಿತು ನುಡಿಸುವವರ ಅನ್ನಕ್ಕೆ ಕಲ್ಲು ಬಿದ್ದಿದೆ ಎಂಬುದು ಅವರ ದೂರು. ಆ ದೂರಿನಲ್ಲಿ ನ್ಯಾಯವಿತ್ತೆಂದೇ ನನ್ನ ಅಭಿಪ್ರಾಯ. ಡೆಕ್ಕಾ ಕಂಪನಿ 1943ರಲ್ಲಿ ಒಪ್ಪಂದಕ್ಕೆ ಬಂದರೆ, ಆರ್‌ಸಿಎ ವಿಕ್ಟರ್ ಮತ್ತು ಕೊಲಂಬಿಯಾ 1944ರ ನವೆಂಬರ್‌ವರೆಗೆ ಪಟ್ಟುಹಿಡಿದವು. ಈ ಅವಧಿಯಲ್ಲಿ ದೊಡ್ಡ ತಂಡಗಳ ಹೊಸ ಧ್ವನಿಮುದ್ರಿಕೆಗಳು ಮಾರುಕಟ್ಟೆಗೆ ಬರುವುದು ಹೆಚ್ಚುಕಡಿಮೆ ನಿಂತೇಹೋಯಿತು. ಮನೆಯಲ್ಲಿ ಉಳಿದವರು ಮೊದಲೇ ಕೊಂಡಿದ್ದ ತಟ್ಟೆಗಳನ್ನೇ ಸವೆಯುವವರೆಗೆ ಕೇಳಿದರು.

ಸೈನಿಕರಿಗೆ ಮಾತ್ರ ಒಂದು ಬೇರೆ ದಾರಿ ತೆರೆಯಿತು. 1943ರ ಅಕ್ಟೋಬರ್‌ನಿಂದ ಸೈನ್ಯವೇ ವಿ-ಡಿಸ್ಕ್ ಎಂಬ ತಟ್ಟೆಗಳನ್ನು ಹೊರತಂದು ಕಡಲಾಚೆಯ ಶಿಬಿರಗಳಿಗೆ ಪೆಟ್ಟಿಗೆಗಳಲ್ಲಿ ಕಳಿಸತೊಡಗಿತು. ಮಾರಾಟಕ್ಕಲ್ಲ ಎಂಬ ಷರತ್ತಿನ ಮೇಲೆ ಒಕ್ಕೂಟವೂ ಇದಕ್ಕೆ ಒಪ್ಪಿತು. ಅವು ಹನ್ನೆರಡು ಅಂಗುಲದ, ಬಹುಮಟ್ಟಿಗೆ ವಿನೈಲ್ ಎಂಬ ಪ್ಲಾಸ್ಟಿಕ್‌ನಲ್ಲಿ ಮಾಡಿದ ತಟ್ಟೆಗಳಾದ್ದರಿಂದ ಸಾಗಾಟದಲ್ಲಿ ಸುಲಭವಾಗಿ ಒಡೆಯುತ್ತಿರಲಿಲ್ಲ, ಒಂದೊಂದು ಬದಿಯಲ್ಲಿ ಆರು ನಿಮಿಷಗಳಷ್ಟು ಸಂಗೀತ ಹಿಡಿಯುತ್ತಿತ್ತು. ಮಾರುಕಟ್ಟೆಯ ಹತ್ತು ಅಂಗುಲದ ತಟ್ಟೆಯಲ್ಲಿ ಹಿಡಿಯುತ್ತಿದ್ದುದು ಮೂರೇ ನಿಮಿಷ. ಎಷ್ಟೋ ತಟ್ಟೆಗಳಲ್ಲಿ ಸಂಗೀತ ಶುರುವಾಗುವ ಮುನ್ನ ತಂಡದ ನಾಯಕರು ತಾವೇ ಸೈನಿಕರನ್ನು ಮಾತನಾಡಿಸುತ್ತಾರೆ. ಯುದ್ಧ ಮುಗಿದ ಮೇಲೆ ಇವನ್ನು ನಾಶಮಾಡಬೇಕೆಂಬ ಕರಾರಿತ್ತು. ಹಲವರು ಸಾಮಾನಿನ ನಡುವೆ ಅಡಗಿಸಿಟ್ಟು ಊರಿಗೆ ತಂದದ್ದರಿಂದಲೇ ಇಂದು ನಮಗೆ ಕೇಳಲು ಸಿಕ್ಕಿವೆ. ಆ ಕೆಲಸ ಮಾಡಿದ ಪ್ರತಿಯೊಬ್ಬರಿಗೂ ನಾನು ಮನಸ್ಸಿನಲ್ಲೇ ಕೃತಜ್ಞನಾಗಿದ್ದೇನೆ.

ಇನ್ನು ಸಂಗೀತದ ಒಳಗಿನ ಮಾತು. ಪೂರ್ಣ ತಂಡದಲ್ಲಿ ಸಾಮಾನ್ಯವಾಗಿ ಹದಿನೈದು ಹದಿನಾರು ಜನ: ಟ್ರಂಪೆಟ್‌ಗಳ ಸಾಲು, ಟ್ರೊಂಬೋನ್‌ಗಳ ಸಾಲು, ಐದು ಸ್ಯಾಕ್ಸೊಫೋನ್‌ಗಳ ಸಾಲು, ಮತ್ತು ಪಿಯಾನೊ, ಗಿಟಾರ್, ಡಬಲ್ ಬಾಸ್, ಡ್ರಮ್ಸ್ ಸೇರಿದ ಲಯದ ಗುಂಪು. ಒಂದು ಸಾಲು ಕೇಳಿದ್ದಕ್ಕೆ ಇನ್ನೊಂದು ಸಾಲು ಮಾರುತ್ತರ ಕೊಡುತ್ತಾ ಹೋಗುತ್ತದೆ. ಜುಗಲ್ಬಂದಿಯ ಸವಾಲ್-ಜವಾಬ್ ಕೇಳಿ ಬಲ್ಲವರಿಗೆ ಇದು ಕೂಡಲೇ ಹಿಡಿಸುತ್ತದೆ. ಸಮವಾಗಿ ಬರೆದ ಎರಡು ಸ್ವರಗಳಲ್ಲಿ ಮೊದಲನೆಯದನ್ನು ತುಸು ಹಿಗ್ಗಿಸಿ ಎರಡನೆಯದನ್ನು ತುಸು ತಡೆದು ನುಡಿಸುವುದೇ ಸ್ವಿಂಗ್‌ನ ನಡೆ. ಮೂರರ ಎಣಿಕೆಯ ನಮ್ಮ ತಿಶ್ರ ನಡೆಗೆ ಇದು ಹತ್ತಿರವಾದರೂ ಅಷ್ಟು ನಿಖರವಾದ ಅಳತೆಗೆ ಸಿಗುವುದಿಲ್ಲ, ತಂಡದಿಂದ ತಂಡಕ್ಕೆ ಬೇರೆಯಾಗುತ್ತದೆ. ಈ ತೂಗಾಟ ಕಾಲುಗಳನ್ನು ಕುಣಿತಕ್ಕೆ ಎಳೆಯುತ್ತಿರುವಾಗಲೇ ಮೇಲೆ ಸಾಗುವ ರಾಗ ಬಹಳ ಸಲ ಮಂದವಾಗಿ, ಬೇಸರದ ಛಾಯೆಯಲ್ಲಿ ಇರುತ್ತದೆ. ಮಿಲ್ಲರ್ ಅವರ ತಂಡದ ವಿಶಿಷ್ಟ ನಾದ ಹುಟ್ಟುವುದೂ ಹೀಗೆಯೇ: ಕ್ಲಾರಿನೆಟ್ ರಾಗವನ್ನು ಹಿಡಿಯುತ್ತದೆ, ಒಂದು ಟೆನರ್ ಸ್ಯಾಕ್ಸೊಫೋನ್ ಒಂದು ಸ್ಥಾಯಿ ಕೆಳಗೆ ಅದನ್ನೇ ನುಡಿಸುತ್ತದೆ, ಉಳಿದ ಸ್ಯಾಕ್ಸೊಫೋನ್‌ಗಳು ನಡುವಿನ ಜಾಗವನ್ನು ತುಂಬುತ್ತವೆ. ಸಂತೋಷದ ಲಯದ ಮೇಲೆ ಅಗಲಿಕೆಯ ರಾಗ ಸಾಗುವ ಈ ಗುಣ ಅಗಲಿ ಹೋಗುತ್ತಿದ್ದವರ ಕಾಲಕ್ಕೆ ಒದಗಿಬಂತು. ಆದ್ದರಿಂದ ಯುದ್ಧ ಹೊಳಪು ಕೊಟ್ಟಿರಬಹುದು, ಆದರೆ ಹೊಳೆಯುವ ವಸ್ತು ಮೊದಲೇ ಇತ್ತು ಎಂಬುದು ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ.

ಮಿಲ್ಲರ್ ಅವರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಹಂಬಲದ ನಡುಗಂಬ ಅವರೇ. 1942ರ ಫೆಬ್ರವರಿಯಲ್ಲಿ ಅವರ ಒಂದು ಹಾಡು 12 ಲಕ್ಷ ಪ್ರತಿ ಮಾರಾಟವಾದದ್ದಕ್ಕೆ ಕಂಪನಿ ಚಿನ್ನದ ಬಣ್ಣ ಬಳಿದ ತಟ್ಟೆಯನ್ನು ಕೊಟ್ಟು ಗೌರವಿಸಿತು. ಚಿನ್ನದ ತಟ್ಟೆ ಕೊಡುವ ರೂಢಿ ಬೆಳೆದದ್ದು ಅಲ್ಲಿಂದ. ಅಂಥ ಉತ್ತುಂಗದಲ್ಲಿದ್ದವರು, 38ರ ವಯಸ್ಸಿನಲ್ಲಿ, ಯಾರೂ ಬಲವಂತ ಮಾಡದಿದ್ದರೂ ತಂಡವನ್ನು ವಿಸರ್ಜಿಸಿ ಸೈನ್ಯ ಸೇರಿದರು. ಸೈನ್ಯದ ವಾಯುದಳಕ್ಕಾಗಿ ಅವರು ಕಟ್ಟಿದ ವಾದ್ಯವೃಂದದಲ್ಲಿ ಸ್ವಿಂಗ್ ತಂಡದ ಜೊತೆಗೆ ಪಿಟೀಲು ಮುಂತಾದ ತಂತಿವಾದ್ಯಗಳ ದೊಡ್ಡ ಗುಂಪೂ ಇತ್ತು. ಅವರ ನಾಗರಿಕ ತಂಡಕ್ಕಿಂತ ಈ ಸೇನಾ ತಂಡವೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದರಲ್ಲಿ ಹೆಚ್ಚಿನ ಕಸುವಿದೆ, ಡ್ರಮ್ಸ್ ನುಡಿಸುವ ರೇ ಮೆಕಿನ್ಲಿ ಇಡೀ ತಂಡವನ್ನು ಎತ್ತಿ ನಡೆಸುತ್ತಾರೆ. 1944ರ ಬೇಸಿಗೆಯಲ್ಲಿ ಮಿಲ್ಲರ್ ಮತ್ತು ಅವರ ತಂಡ ಇಂಗ್ಲೆಂಡಿಗೆ ಬಂದು, ಲಂಡನ್ನಿನ ಮೇಲೆ ಹಾರುಬಾಂಬುಗಳು ಬೀಳುತ್ತಿದ್ದುದರಿಂದ ಬೆಡ್‌ಫರ್ಡ್ ಪಟ್ಟಣದಲ್ಲಿ ನೆಲೆಸಿ, ವಿಮಾನನೆಲೆಯಿಂದ ವಿಮಾನನೆಲೆಗೆ ಸುತ್ತುತ್ತಾ ನುಡಿಸಿದರು, ರೇಡಿಯೊ ಪ್ರಸಾರಗಳನ್ನೂ ನಡೆಸಿದರು. ಜರ್ಮನ್ ಸೈನಿಕರಿಗಾಗಿ ಜರ್ಮನ್ ಮಾತುಗಳೊಂದಿಗೆ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೊದಲ್ಲಿ ಮುದ್ರಿಸಿದ ಕಾರ್ಯಕ್ರಮಗಳೂ ಇವೆ. 1944ರ ಡಿಸೆಂಬರ್ 15ರಂದು, ವಿಮೋಚನೆಗೊಂಡ ಪ್ಯಾರಿಸ್‌ನಲ್ಲಿ ತಂಡಕ್ಕೆ ಏರ್ಪಾಡು ಮಾಡಲೆಂದು, ಬೆಡ್‌ಫರ್ಡ್ ಬಳಿಯ ಟ್ವಿನ್‌ವುಡ್ ಫಾರ್ಮ್ ನೆಲೆಯಿಂದ ಒಂಟಿ ಎಂಜಿನ್ನಿನ ನಾರ್ಸ್‌ಮನ್ ವಿಮಾನದಲ್ಲಿ ಹೊರಟ ಮಿಲ್ಲರ್ ಮರಳಲಿಲ್ಲ. ವಿಮಾನವೂ ಸಿಗಲಿಲ್ಲ, ಅದರಲ್ಲಿದ್ದ ಮೂವರೂ ಸಿಗಲಿಲ್ಲ. ನಾಯಕನಿಲ್ಲದ ತಂಡ ಪ್ಯಾರಿಸ್ಸಿಗೆ ಹೋಗಿ ನುಡಿಸಿತು.

ಬ್ರಿಟನ್ನಿಗೂ ತನ್ನದೇ ಆದ ನಷ್ಟಗಳಿವೆ. ಬ್ರಿಟಿಷ್ ಗಯಾನಾದಲ್ಲಿ ಹುಟ್ಟಿದ ಕೆನ್ ಜಾನ್ಸನ್ ಅವರು ತಮ್ಮ ಕಪ್ಪು ಸಂಗೀತಗಾರರ ತಂಡದೊಂದಿಗೆ ಲಂಡನ್ನಿನ ಕೆಫೆ ದ ಪ್ಯಾರಿಸ್‌ನಲ್ಲಿ ನುಡಿಸುತ್ತಿದ್ದಾಗ, 1941ರ ಮಾರ್ಚ್ 8ರಂದು ಬಾಂಬು ಬಿದ್ದು ಸತ್ತರು. ಅವರಿಗಿನ್ನೂ 26 ವರ್ಷ. ಮರುತಿಂಗಳು ಗಾಯಕ ಅಲ್ ಬೌಲಿ ಲಂಡನ್ನಿನ ತಮ್ಮ ಮನೆಯಲ್ಲೇ ಬಾಂಬಿಗೆ ಬಲಿಯಾದರು. ಜರ್ಮನಿಯಲ್ಲಂತೂ ನಾಜಿ ಆಡಳಿತ ಈ ಸಂಗೀತವನ್ನು ಹತ್ತಿಕ್ಕಲು ಹೊರಟು, 1941ರ ಆಗಸ್ಟ್‌ನಲ್ಲಿ ಹ್ಯಾಂಬರ್ಗ್‌ನ ಸ್ವಿಂಗ್‌ಪ್ರಿಯ ಹುಡುಗ ಹುಡುಗಿಯರಲ್ಲಿ 300ಕ್ಕೂ ಹೆಚ್ಚು ಮಂದಿಯನ್ನು ಹಿಡಿದರು. ಜರ್ಮನಿ ವಶಪಡಿಸಿಕೊಂಡಿದ್ದ ಚೆಕ್ ನಾಡಿನ ಟೆರೆಜಿನ್ ಎಂಬ ಯಹೂದಿ ಬಂಧನನಗರಿಯಲ್ಲಿ ಬಂದಿಗಳೇ 'ಘೆಟ್ಟೊ ಸ್ವಿಂಗರ್ಸ್' ಎಂಬ ತಂಡ ಕಟ್ಟಿ ನುಡಿಸಿದರು, ಅವರಲ್ಲಿ ಹಲವರನ್ನು ಮುಂದೆ ಔಶ್ವಿಟ್ಸ್ ಮರಣಶಿಬಿರಕ್ಕೆ ಸಾಗಿಸಲಾಯಿತು. ಈ ಸಂಗೀತವನ್ನು ಬರೀ ನಲಿವಿನ ಸಂಗೀತವೆಂದು ನೆನೆಯುವುದು ನನಗೆ ಸಾಧ್ಯವಾಗದಿರುವುದಕ್ಕೆ ಇದೂ ಒಂದು ಕಾರಣ.

ಹಂಬಲದಲ್ಲಿ ಒಂದು ಮರೆವೂ ಇದೆ, ಅದನ್ನು ಹೇಳದೆ ಹೋದರೆ ಈ ಉತ್ತರ ಪ್ರಾಮಾಣಿಕವಾಗುವುದಿಲ್ಲ. ಅಂದಿನ ಅಮೆರಿಕದ ಸೈನ್ಯ ಕರಿಯರನ್ನೂ ಬಿಳಿಯರನ್ನೂ ಬೇರೆ ಬೇರೆ ತುಕಡಿಗಳಲ್ಲಿ ಇಡುತ್ತಿತ್ತು. ಮಿಲ್ಲರ್ ಮೇಜರ್ ಪದವಿಗೇರಿದ ಅದೇ 1944ರಲ್ಲಿ, ಕೌಂಟ್ ಬೇಸಿ ತಂಡದ ಮಹಾನ್ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ಅವರನ್ನೂ ಸೈನ್ಯಕ್ಕೆ ಕರೆದುಕೊಂಡರು. ಅವರನ್ನು ಸೇನಾ ಸಂಗೀತದ ತಂಡಕ್ಕೆ ಹಾಕಲಿಲ್ಲ, ಮಾದಕವಸ್ತು ಇಟ್ಟುಕೊಂಡಿದ್ದರೆಂದು 1945ರಲ್ಲಿ ಸೇನಾ ನ್ಯಾಯಾಲಯದ ಮುಂದೆ ನಿಲ್ಲಿಸಿ ತಿಂಗಳುಗಟ್ಟಲೆ ಸೆರೆಯಲ್ಲಿಟ್ಟರು. ಕರಿಯರೂ ಬಿಳಿಯರೂ ಒಂದೇ ನೆಲದ ಮೇಲೆ ಕುಣಿಯುತ್ತಿದ್ದ ಹಾರ್ಲೆಮ್‌ನ ಸವಾಯ್ ಬಾಲ್‌ರೂಮ್ ಅನ್ನು 1943ರಲ್ಲಿ ಅಧಿಕಾರಿಗಳು ಕೆಲವು ತಿಂಗಳು ಮುಚ್ಚಿಸಿದರು. ಗಂಡಸರು ಯುದ್ಧಕ್ಕೆ ಹೋದ ಕಾಲದಲ್ಲಿ ಹಲವು ಜನಾಂಗಗಳ ಹೆಣ್ಣುಮಕ್ಕಳೇ ಸೇರಿ ನುಡಿಸುತ್ತಿದ್ದ 'ಇಂಟರ್‌ನ್ಯಾಷನಲ್ ಸ್ವೀಟ್‌ಹಾರ್ಟ್ಸ್ ಆಫ್ ರಿದಮ್' ತಂಡ, ದಕ್ಷಿಣದ ರಾಜ್ಯಗಳಲ್ಲಿ ಹೋಟೆಲು ಸಿಗದೆ ತಮ್ಮ ಬಸ್ಸಿನಲ್ಲೇ ಮಲಗಬೇಕಾಗುತ್ತಿತ್ತು. ಸ್ವಿಂಗ್‌ನ ನೆನಪಿನ ಸಂಚಿಕೆಗಳಲ್ಲಿ ಇವರು ಇಂದಿಗೂ ಅಪರೂಪವಾಗಿ ಕಾಣಿಸಿಕೊಳ್ಳುವುದು ನನಗೆ ನೋವಿನ ಸಂಗತಿ.

ಯುದ್ಧ ಮುಗಿದದ್ದೇ ತಡ, ಈ ತಂಡಗಳ ಕಾಲವೂ ಮುಗಿಯಿತು. ನೃತ್ಯವಿರುವ ಮನರಂಜನಾ ಸ್ಥಳಗಳ ಮೇಲೆ 1944ರಲ್ಲಿ ಹೇರಿದ ಶೇಕಡಾ 30ರ ತೆರಿಗೆಯನ್ನು ಅದೇ ವರ್ಷ 20ಕ್ಕೆ ಇಳಿಸಿದರೂ ಅನೇಕ ನೃತ್ಯಶಾಲೆಗಳು ಚೇತರಿಸಿಕೊಳ್ಳಲಿಲ್ಲ. ಬಹಿಷ್ಕಾರದ ದಿನಗಳಲ್ಲಿ ಒಕ್ಕೂಟಕ್ಕೆ ಸೇರದ ಗಾಯಕರು ಮುಂದೆ ಬಂದಿದ್ದರು. ಹದಿನಾರು ಜನರ ಸಂಬಳ ಭರಿಸುವುದು ಯಾರಿಗೂ ಕೈಗೂಡದಾಯಿತು. 1946ರ ಕೊನೆಯ ಹೊತ್ತಿಗೆ ಗುಡ್‌ಮನ್, ಟಾಮಿ ಡಾರ್ಸಿ, ಹ್ಯಾರಿ ಜೇಮ್ಸ್, ವುಡಿ ಹರ್ಮನ್ ಮೊದಲಾದವರ ತಂಡಗಳು ಒಂದರ ಹಿಂದೊಂದು ವಿಸರ್ಜನೆಗೊಂಡವು. ಯುದ್ಧದ ಜೊತೆಯಲ್ಲೇ ಮುಗಿದದ್ದರಿಂದ ಈ ಸಂಗೀತಕ್ಕೆ ಮುದಿತನವೆಂಬುದು ಬರಲಿಲ್ಲ. ಜನರ ನೆನಪಿನಲ್ಲಿ ಅದು ಆ ಆರೇಳು ವರ್ಷಗಳಿಗೆ ಅಂಟಿಕೊಂಡೇ ಉಳಿಯಿತು.

ನಮ್ಮ ಕಿವಿಗೆ ಇದು ಪೂರ್ತಿ ಹೊರಗಿನದೂ ಅಲ್ಲ. ಮುಂಬಯಿಯ ತಾಜ್ ಹೋಟೆಲಿನಲ್ಲಿ 1930ರ ದಶಕದಲ್ಲೇ ಆಫ್ರಿಕನ್ ಅಮೆರಿಕನ್ ತಂಡಗಳು ನುಡಿಸಿದ್ದವು. ಅವರಲ್ಲೊಬ್ಬರಾದ ಪಿಯಾನೊ ವಾದಕ ಟೆಡಿ ವೆದರ್‌ಫರ್ಡ್ ಯುದ್ಧಕಾಲದಲ್ಲಿ ಕಲ್ಕತ್ತೆಯಲ್ಲಿ ತಂಡ ನಡೆಸಿ, 1945ರಲ್ಲಿ ಅಲ್ಲೇ ಕಾಲರಾದಿಂದ ತೀರಿಕೊಂಡರು. ಇಂಥವರ ಒಡನಾಟದಲ್ಲಿ ಪಳಗಿದ ಗೋವೆಯ ವಾದಕರು ಮುಂದೆ ಹಿಂದಿ ಚಿತ್ರಗಳ ವಾದ್ಯವೃಂದಕ್ಕೆ ಬಂದರು. ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಅವರ 1951ರ 'ಅಲ್ಬೇಲಾ' ಚಿತ್ರದ ಹಾಡುಗಳಲ್ಲಿ ಟ್ರಂಪೆಟ್ ವಾದಕ ಚಿಕ್ ಚಾಕೊಲೇಟ್ ಅವರ ಕೈಚಳಕವಿದೆ. ಹಿಂದಿ ಚಿತ್ರಗೀತೆಗಳಿಗಾಗಿ ರೇಡಿಯೊ ಸಿಲೋನ್ ಕೇಳುತ್ತಿದ್ದ ಕನ್ನಡದ ಮನೆಗಳಿಗೂ ಸ್ವಿಂಗ್ ಹೀಗೆ ಹೆಸರು ಹೇಳದೆಯೇ ಬಂದಿತ್ತು.

ಕೇಳಲು ಎಲ್ಲಿಂದ ಶುರುಮಾಡಬೇಕೆಂದು ನೀವು ಕೇಳಿಲ್ಲವಾದರೂ ಹೇಳುತ್ತೇನೆ. ಮೊದಲು 1930ರ ದಶಕದ ಕೊನೆಯ ಕೌಂಟ್ ಬೇಸಿ ತಂಡವನ್ನು ಕೇಳಿ, ಅದರಲ್ಲೂ ಫ್ರೆಡಿ ಗ್ರೀನ್ ಅವರ ಗಿಟಾರ್, ವಾಲ್ಟರ್ ಪೇಜ್ ಅವರ ಬಾಸ್, ಜೋ ಜೋನ್ಸ್ ಅವರ ಡ್ರಮ್ಸ್ ಹೇಗೆ ಒಂದೇ ಉಸಿರಾಗಿ ಸಾಗುತ್ತವೆ ಎಂಬುದನ್ನು ಗಮನಿಸಿ. ಆಮೇಲೆ 1940 ಮತ್ತು 1941ರ ಡ್ಯೂಕ್ ಎಲಿಂಗ್ಟನ್ ತಂಡ. ಸಂಯೋಜನೆಯ ಸೂಕ್ಷ್ಮತೆಯಲ್ಲಿ ಅದನ್ನು ಮೀರಿಸಿದ್ದನ್ನು ನಾನು ಕೇಳಿಲ್ಲ. ಸ್ವೀಟ್‌ಹಾರ್ಟ್ಸ್ ತಂಡದ ಸಂಗೀತ ಸೇನಾ ರೇಡಿಯೊದ 'ಜುಬಿಲಿ' ಕಾರ್ಯಕ್ರಮದ ಮುದ್ರಣಗಳಲ್ಲಿ ಉಳಿದಿದೆ. ಇವೆಲ್ಲ ಕಿವಿಗೆ ಒಗ್ಗಿದ ಮೇಲೆ ಮಿಲ್ಲರ್ ಅವರ ಸೇನಾ ತಂಡದ 1944ರ ಪ್ರಸಾರಗಳಿಗೆ ಬನ್ನಿ. 'ಇನ್ ದ ಮೂಡ್' ಬಂದಾಗ, ಒಂದೇ ಪಲುಕು ಮತ್ತೆ ಮತ್ತೆ ಮೆಲ್ಲಗಾಗುತ್ತಾ, ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ಇಡೀ ತಂಡ ಒಮ್ಮೆಲೇ ಎದ್ದು ಬರುವ ಜಾಗದಲ್ಲಿ ಧ್ವನಿಯನ್ನು ಹೆಚ್ಚಿಸಬೇಡಿ. ಆ ಇಳಿತವನ್ನು ಅದು ಇಳಿದಷ್ಟೂ ಕೇಳಬೇಕು.